ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಹಳ್ಳಿಗಾಡಿನಲ್ಲಿ ಸೈಟು: ಮುಂಗಡ ಕೊಡುವ ಮುಂಚೆ

ಜೀಲಾಂಗ್ ಮಗ್ಗುಲಿನ ಬ್ಯಾನಕ್‌ಬರ್ನ್‌ನಂಥ ಊರುಗಳಲ್ಲಿ ಜನ ಹೆಚ್ಚುತ್ತಿದ್ದಾರೆ, ಲೇಔಟ್‌ಗಳು ಏಳುತ್ತಿವೆ. ಊರಂಚಿನ ಜಾಗಕ್ಕೂ ಪೇಟೆಯ ಸೌಕರ್ಯ ಬಂದಿರುತ್ತದೆ ಅಂದುಕೊಳ್ಳಬೇಡಿ.

ಮೊದಲು ವಲಯ, ಅಂದರೆ ಆ ಜಾಗವನ್ನು ಯಾವುದಕ್ಕೆ ಬಳಸಬಹುದು ಎಂಬ ವಿಂಗಡಣೆ, ನೋಡಿ. ಸರ್ಕಾರದ ವಿಕ್‌ಪ್ಲಾನ್ ಎಂಬ ಆನ್‌ಲೈನ್ ನಕ್ಷೆಯಲ್ಲಿ ವಿಳಾಸ ಹಾಕಿದರೆ ಸಾಕು. ಕೃಷಿ ವಲಯವಾದರೆ, ಸ್ಥಳೀಯ ಯೋಜನೆಯಲ್ಲಿ ಬೇರೆ ಅಳತೆ ಇಲ್ಲದಿದ್ದಲ್ಲಿ, 40 ಹೆಕ್ಟೇರ್‌ಗಿಂತ ಚಿಕ್ಕ ಜಾಗದಲ್ಲಿ ಮನೆಗೆ ಪ್ಲಾನಿಂಗ್ ಪರ್ಮಿಟ್ ಬೇಕು. ಸಿಕ್ಕೇ ಸಿಗುತ್ತದೆ ಅನ್ನುವಂತಿಲ್ಲ. ‘ಮುಂದೆ ವಲಯ ಬದಲಾಗುತ್ತೆ’ ಎಂಬ ಮಾತಿಗೆ ದುಡ್ಡು ಕೊಡಬೇಡಿ.

ಒಳಚರಂಡಿ ಇಲ್ಲವೇ? ಹಾಗಾದರೆ ಸೆಪ್ಟಿಕ್ ಟ್ಯಾಂಕ್, ಅದಕ್ಕೆ ಮಣ್ಣಿನ ಪರೀಕ್ಷೆ. ಜೇಡಿಮಣ್ಣು ನೀರು ಹೀರುವುದು ನಿಧಾನ, ಹಾಗಾಗಿ ಕೊಳೆನೀರು ಇಂಗುವ ಜಾಗ ದೊಡ್ಡದಾಗುತ್ತದೆ. ಮನೆ, ಶೆಡ್ಡು, ದಾರಿ ಎಲ್ಲ ಗುರುತಿಸಿದ ಮೇಲೆ ಇದಕ್ಕೆ ಜಾಗ ಹುಡುಕುವವರೇ ಹೆಚ್ಚು. ಇದನ್ನೇ ಮೊದಲು ಗುರುತಿಸಿ.

ನಲ್ಲಿ ನೀರಿಲ್ಲದೆಡೆ ಮಳೆನೀರು ಹಿಡಿಯುವ ಲೆಕ್ಕ ಸುಲಭ: 1 ಚದರ ಮೀಟರ್ ಚಾವಣಿಗೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. 200 ಚದರ ಮೀಟರಿಗೆ 500 ಮಿ.ಮೀ. ಅಂದರೆ 1 ಲಕ್ಷ ಲೀಟರ್; ಸೋರಿ, ಆವಿಯಾಗಿ ಹೋಗುವುದನ್ನು ಕಳೆಯಿರಿ. ಕಾಡ್ಗಿಚ್ಚಿನ ಓವರ್‌ಲೇ (ಬೆಂಕಿ ಅಪಾಯದ ಜಾಗಕ್ಕೆ ವಲಯದ ಮೇಲೆ ಹೆಚ್ಚುವರಿ ನಿಯಮ) ಇರುವಲ್ಲಿ 1,000 ಚ.ಮೀ. ಮೀರಿದ ಸೈಟಿಗೆ ಬೆಂಕಿ ಆರಿಸಲೆಂದೇ 10,000 ಲೀಟರ್ ಮೀಸಲಿಡಬೇಕು. ಒಂದೇ ಟ್ಯಾಂಕಾದರೆ ಮನೆಯ ಪೈಪನ್ನು ಆ ಮಟ್ಟಕ್ಕಿಂತ ಮೇಲೆ ಕೂರಿಸಿ. ತಳದಲ್ಲಿ ಕೂರಿಸಿದರೆ ಬೇಸಿಗೆಯಲ್ಲಿ ಮೀಸಲೂ ಬಚ್ಚಲಿಗೇ ಹೋಗುತ್ತದೆ.

ಕರೆಂಟು, ನೀರು, ಫೋನು ಯಾವುದು ಇಲ್ಲ ಎಂಬುದು ಮಾರುವವರು ಕಾನೂನಿನಂತೆ ಕೊಡುವ, ಜಾಗದ ವಿವರಗಳಿರುವ ಸೆಕ್ಷನ್ 32 ಪತ್ರದಲ್ಲಿರುತ್ತದೆ. ಕಂಬ ಹಾಕಿಸುವ ಖರ್ಚನ್ನು ಸಹಿಗೆ ಮುಂಚೆಯೇ ಬರಹದಲ್ಲಿ ತರಿಸಿಕೊಳ್ಳಿ.