ಪ್ರಾಸ್ಟೇಟ್ ಗ್ರಂಥಿ ತೆಗೆಸಿದವರ ಮೂತ್ರ ಸೋರಿಕೆ: ಮಷಿನ್ ಬಿಟ್ಟು ಮುಂದಿನ ಸ್ನಾಯು ಹಿಡಿದೆ

"ಮೂತ್ರ ಸೋರುವುದು ವರ್ಷ ಕಾದರೆ ತಾನಾಗಿಯೇ ನಿಲ್ಲುತ್ತೆ, ಇದರಲ್ಲಿ ಫಿಸಿಯೋ ಏನು ಮಾಡ್ತಾರೆ?" ಅಂತ ಸರ್ಜನ್‌ಗಳೇ ಕೇಳುತ್ತಿದ್ದರು. ಈಗ ಅದೇ ಡಾಕ್ಟರುಗಳು ಆಪರೇಷನ್‌ಗೆ ಮೊದಲೇ ರೋಗಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ.

ಮೊದಲು ದುಡ್ಡು ಹೋಗಿದ್ದು ಸ್ನಾಯುವಿಗೆ ಕರೆಂಟ್ ಕೊಡುವ ಮಷಿನ್‌ಗೆ. ಸೆಕೆಂಡ್ ಹ್ಯಾಂಡೇ 40 ಸಾವಿರದ ಆಸುಪಾಸು. ಗುದದೊಳಗೆ ಇಡುವ ಅದರ ಕಡ್ಡಿ (ಪ್ರೋಬ್) ನೋಡಿ ಅರ್ಧ ಜನ ಮತ್ತೆ ಬರಲೇ ಇಲ್ಲ. ಉಳಿದವರಲ್ಲೂ ಹೇಳಿಕೊಳ್ಳುವಂಥ ಫರಕು ಕಾಣಲಿಲ್ಲ. ಆಮೇಲೆ ಎಲ್ಲರೂ ಹೇಳುವ ಹಾಗೆ "ಗ್ಯಾಸ್ ತಡೆ ಹಿಡಿಯಿರಿ" ಅಂದೆ. ಕುಂಡೆ ಬಿಗಿ ಮಾಡಿ, ಉಸಿರು ಕಟ್ಟಿ ಕೂತರು. ಗುದದ ಸುತ್ತಲಿನ ಹಿಂದಿನ ಸ್ನಾಯು ಗಟ್ಟಿಯಾಯಿತು, ಸೋರಿಕೆ ಹಾಗೇ ಉಳಿಯಿತು.

ಇವರಿಗೆ ಬೇಕಾದ್ದು ಮೂತ್ರನಾಳ ಸುತ್ತಿದ ಮುಂದಿನ ಸ್ನಾಯು. "ಶಿಶ್ನವನ್ನು ಒಳಕ್ಕೆಳೆದು ಗಿಡ್ಡ ಮಾಡಿ" ಅಂದಾಗ ಅದು ಹೆಚ್ಚು ಕೆಲಸ ಮಾಡುತ್ತದೆ ಅಂತ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು 2016ರಲ್ಲಿ ಅಲ್ಟ್ರಾಸೌಂಡ್ ಹಿಡಿದು ತೋರಿಸಿದ್ದಾರೆ. ನಾನು "ತಣ್ಣನೆಯ ಹೊಳೆಗೆ ಸೊಂಟದ ಮಟ್ಟ ಇಳಿದ ಹಾಗೆ" ಅನ್ನುತ್ತೇನೆ. ತಕ್ಷಣ ಅರ್ಥವಾಗುತ್ತದೆ. ಕನ್ನಡಿ ಮುಂದೆ ನಿಂತರೆ ಶಿಶ್ನದ ಬುಡ ಒಳಗೆ ಸರಿಯುವುದು, ಬೀಜ ತುಸು ಮೇಲೇಳುವುದು ಕಣ್ಣಿಗೇ ಕಾಣುತ್ತದೆ. ಹೊಟ್ಟೆ ಅಲುಗಬಾರದು. ಕುರ್ಚಿಯಿಂದ ಏಳುವ ಮುಂಚೆ, ಕೆಮ್ಮುವ ಮುಂಚೆ ಬಿಗಿಯುವುದು ರೂಢಿಯಾಗಬೇಕು. ಎಷ್ಟು ಬಲ, ಎಷ್ಟು ಸಲ ಅನ್ನುವ ಲೆಕ್ಕ ಆಳು ನೋಡಿ ಹಾಕುತ್ತೇನೆ. ಅದು ನನ್ನ ಹತ್ತಿರವೇ ಇರಲಿ.

ಎಷ್ಟು ಪ್ಯಾಡ್ ಆಯಿತು ಅಂತ ಕೇಳುವುದನ್ನು ಬಿಟ್ಟಿದ್ದೇನೆ. ದುಡ್ಡು ಉಳಿಸಲು ಇಡೀ ದಿನ ಒಂದನ್ನೇ ಹಾಕಿಕೊಳ್ಳುವವರಿದ್ದಾರೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ತರಿಸುತ್ತೇನೆ, 400 ರೂಪಾಯಿ ಇರಬಹುದು. ಒದ್ದೆ ಪ್ಯಾಡಿನ ತೂಕದಲ್ಲಿ ಒಣ ಪ್ಯಾಡಿನದ್ದು ಕಳೆದರೆ ಆಯಿತು. 1 ಗ್ರಾಂ ಅಂದರೆ ಸುಮಾರು 1 ಎಂಎಲ್. ರಿಟೈರ್ ಆದ ಬಸ್ ಡ್ರೈವರ್ ಒಬ್ಬರು ದಿನಕ್ಕೆ 400 ಗ್ರಾಂನಿಂದ ಶುರು ಮಾಡಿ ಮೂರು ತಿಂಗಳಲ್ಲಿ 20ರ ಹತ್ತಿರ ಬಂದರು. ತಿಂಗಳಿಗೆ ನಾಲ್ಕೈದು ಸಾವಿರದ ಡೈಪರ್ ಖರ್ಚು ಅವರಿಗೆ ಉಳಿಯಿತು.

ಸುಮ್ನೆ ನೋಡೋಣ ಅಂತ ಕೆಲವರಿಂದ ತೂಕವನ್ನು ಬೆಳಿಗ್ಗೆ, ಸಂಜೆ ಬೇರೆ ಬೇರೆ ಬರೆಸಿದೆ. ಸಂಜೆಯದೇ ಜಾಸ್ತಿ. ಸ್ನಾಯು ದಣಿದಿರುತ್ತದೆ ಅಲ್ವಾ? ಹಾಗಾಗಿ ಗಟ್ಟಿ ಅಭ್ಯಾಸವನ್ನೆಲ್ಲ ಬೆಳಿಗ್ಗೆಗೆ ಹಾಕಿದೆ. ನಾಲ್ಕು ಗಂಟೆಯ ಕಾಫಿ ಬಿಡಿಸಿದ್ದು ತಡೆಯಲಾಗದ ಹಾಗೆ ಮೂತ್ರಕ್ಕೆ ಅವಸರ ಆಗುವವರಿಗಷ್ಟೇ ಉಪಯೋಗವಾಯಿತು. ನೀರು ಮಾತ್ರ ಕಡಿಮೆ ಮಾಡಿಸಬೇಡಿ, ಗಾಢ ಮೂತ್ರ ಇನ್ನಷ್ಟು ಕೆರಳಿಸುತ್ತದೆ.

ಸೋರುವವರಿಗೆಲ್ಲ ಇದನ್ನೇ ಹಚ್ಚಬೇಡಿ. ಮೂತ್ರಕೋಶ ಖಾಲಿಯಾಗದೆ ತುಂಬಿ ತುಳುಕುವವರೂ ಇರುತ್ತಾರೆ. ಒಂದಕ್ಕೆ ಹೋಗಿ ಬಂದ ಮೇಲೆ ಒಳಗೆ ಎಷ್ಟು ಉಳಿದಿದೆ ಅನ್ನುವ ಸ್ಕ್ಯಾನ್ ನೋಡದೆ ನಾನು ಕೈ ಹಾಕುವುದಿಲ್ಲ. ವರ್ಷ ಕಳೆದರೂ ತಕ್ಕಡಿ ಇಳಿಯದವರನ್ನು ಮೂತ್ರನಾಳ ಮುಚ್ಚಿ ತೆರೆಯುವ ಕೃತಕ ಕವಾಟದ ಆಪರೇಷನ್ ಬಗ್ಗೆ ಕೇಳಲು ಯೂರಾಲಜಿಗೆ ವಾಪಸ್ ಕಳಿಸುತ್ತೇನೆ. ಅದಕ್ಕೆ ಲಕ್ಷಗಟ್ಟಲೆ ಬೇಕು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.