ಬೀದಿಯ ತುದಿಗೆ ಇಳಿದ ಸೂರ್ಯ

ದೊಡ್ಡ ನಗರದಲ್ಲಿ ಮನೆಯಿಂದ ಹೊರಗೆ ಕಾಲಿಟ್ಟರೆ ದುಡ್ಡು ಖರ್ಚಾಗಲೇಬೇಕು ಎಂದು ನಾನೂ ನಂಬಿದ್ದೆ. ಒಂದು ಕೆಲಸ ಬಿಟ್ಟು ಇನ್ನೊಂದು ಸಿಗುವವರೆಗಿನ ಏಳು ತಿಂಗಳು ನನಗೆ ಸಮಯ ಬೇಕಾದಷ್ಟಿತ್ತು, ಕೈ ಮಾತ್ರ ಖಾಲಿ. 'ಉಚಿತ' ಎಂದು ಹುಡುಕಿದಾಗಲೆಲ್ಲ ಅದೇ ನಾಲ್ಕು ಉದ್ಯಾನ, ಅದೇ ವಸ್ತುಸಂಗ್ರಹಾಲಯ ಕಾಣುತ್ತಿದ್ದವು. ಅವೆಲ್ಲ ಚೆನ್ನಾಗಿಯೇ ಇದ್ದವು, ಆದರೆ ಮೂರು ವಾರಕ್ಕೆ ಮುಗಿದುಹೋದವು. ಆಮೇಲೆ ಹುಡುಕುವ ರೀತಿಯನ್ನೇ ಬದಲಿಸಿದೆ. ಏನು ಪುಕ್ಕಟೆ ಸಿಗುತ್ತದೆ ಎಂದು ಕೇಳುವುದನ್ನು ಬಿಟ್ಟು, ಈ ನಗರದಲ್ಲಿ ಯಾರಿಗೆ ನೋಡುವವರು ಬೇಕಾಗಿದ್ದಾರೆ, ಯಾರು ಬಾಗಿಲು ತೆರೆದಿಡಲೇಬೇಕು ಎಂದು ಯೋಚಿಸತೊಡಗಿದೆ.

ತೆರೆದಿಡಲೇಬೇಕಾದ ಬಾಗಿಲುಗಳಲ್ಲಿ ಮೊದಲು ಹೊಳೆದದ್ದು ನ್ಯಾಯಾಲಯ. ವಿಚಾರಣೆ ಜನರ ಕಣ್ಣೆದುರೇ ನಡೆಯಬೇಕು ಎಂಬುದು ಬಹಳಷ್ಟು ದೇಶಗಳಲ್ಲಿ ಒಪ್ಪಿತ ತತ್ವ. ಮಕ್ಕಳಿಗೆ, ಕುಟುಂಬದ ಗುಟ್ಟಿಗೆ ಸಂಬಂಧಿಸಿದ ಕೆಲವು ಪ್ರಕರಣಗಳನ್ನು ಮುಚ್ಚಿದ ಬಾಗಿಲ ಹಿಂದೆ ನಡೆಸುತ್ತಾರೆ. ಉಳಿದವಕ್ಕೆ ಸಾಮಾನ್ಯವಾಗಿ ಹೋಗಿ ಕೂರಬಹುದು. ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಅಳುಕಿನಲ್ಲೇ ಹೋದೆ. ಬಾಗಿಲಲ್ಲಿದ್ದವರು ಕೇಳಿದ್ದು ಒಂದೇ, ಫೋನ್ ಆಫ್ ಆಗಿದೆಯೇ ಎಂದು. ಹಿಂದಿನ ಬೆಂಚಿನಲ್ಲಿ ಕುಳಿತೆ. ಅಣ್ಣತಮ್ಮಂದಿರ ನಡುವಿನ ಒಂದು ಗೋಡೆಯ ವ್ಯಾಜ್ಯ ನಡೆಯುತ್ತಿತ್ತು. ಗೋಡೆ ಯಾವ ವರ್ಷ ಎದ್ದಿತು ಎಂಬ ಒಂದೇ ಪ್ರಶ್ನೆಯ ಸುತ್ತ ವಕೀಲರು ಒಂದು ಗಂಟೆ ಸಾಕ್ಷಿಯನ್ನು ಸುತ್ತಾಡಿಸಿದರು. ಧ್ವನಿ ಏರಲಿಲ್ಲ, ಮೇಜು ಗುದ್ದಲಿಲ್ಲ. ಒಂದು ದಿನಾಂಕವನ್ನು ನಿಜವೆಂದು ತೋರಿಸುವುದು ಎಷ್ಟು ತಾಳ್ಮೆಯ ಕೆಲಸ ಎಂದು ನನಗೆ ಗೊತ್ತಾದದ್ದು ಅಲ್ಲಿ. ಒಂದು ಎಚ್ಚರಿಕೆ: ಅಲ್ಲಿ ಎದುರಿಗಿರುವುದು ಯಾರದೋ ನಿಜವಾದ ಸಂಕಟ. ಎದ್ದು ಹೋಗಬೇಕೆನಿಸಿದರೆ ಒಂದು ಪ್ರಕರಣ ಮುಗಿದು ಇನ್ನೊಂದನ್ನು ಕೂಗುವ ನಡುವೆ ಏಳಬೇಕು. ಹೊರಗೆ ಬಂದ ಮೇಲೆ ಹೆಸರು ಹಿಡಿದು ಕಥೆ ಹೇಳಬಾರದು.

ನೋಡುವವರಿಗಾಗಿ ಕಾಯುವವರ ಪಟ್ಟಿ ಇನ್ನೂ ಉದ್ದ. ಸಂಗೀತ ಕಲಿಯುವ ವಿದ್ಯಾರ್ಥಿಗಳಿಗೆ ಕೇಳುವವರು ಬೇಕು. ವಿಶ್ವವಿದ್ಯಾಲಯಗಳ ಸಾರ್ವಜನಿಕ ಉಪನ್ಯಾಸಗಳಲ್ಲಿ ಅರ್ಧ ಕುರ್ಚಿ ಖಾಲಿ ಇರುತ್ತವೆ. ಅವುಗಳ ಸುದ್ದಿ ಸಿಗುವುದು ಆಯಾ ವಿಭಾಗದ ಸೂಚನಾ ಫಲಕದಲ್ಲಿ, ಜಾಹೀರಾತಿನಲ್ಲಲ್ಲ. ಲಂಡನ್ನಿನಲ್ಲಿ 1992ರಲ್ಲಿ ಶುರುವಾದ 'ಓಪನ್ ಹೌಸ್' ಈಗ ಹಲವು ನಗರಗಳಿಗೆ ಹಬ್ಬಿದೆ: ವರ್ಷದಲ್ಲಿ ಕೆಲವು ದಿನ, ಸಾಮಾನ್ಯವಾಗಿ ಮುಚ್ಚಿರುವ ಕಟ್ಟಡಗಳ ಒಳಗೆ ಹೋಗಿಬರಬಹುದು. ಟೊರೊಂಟೊದಲ್ಲಿ 2007ರಲ್ಲಿ, ನಗರಗಳ ಬಗ್ಗೆ ಬರೆದ ಜೇನ್ ಜೇಕಬ್ಸ್ ನೆನಪಿಗೆ ಆರಂಭವಾದ 'ಜೇನ್ಸ್ ವಾಕ್' ಮೇ ತಿಂಗಳಲ್ಲಿ ನಡೆಯುತ್ತದೆ. ಅಲ್ಲಿ ಬಡಾವಣೆಯವರೇ ತಮ್ಮ ಬೀದಿಗಳನ್ನು ತೋರಿಸುತ್ತಾ ನಡೆಸಿಕೊಂಡು ಹೋಗುತ್ತಾರೆ. ನಿಮ್ಮಲ್ಲಿ ಇಂಥದ್ದು ಇಲ್ಲದಿದ್ದರೆ ನೀವೇ ಒಂದು ನಡಿಗೆ ಶುರು ಮಾಡಬಹುದು.

ನನಗೆ ತುಂಬ ಹಿಡಿಸಿದವರು ಹವ್ಯಾಸಿ ಖಗೋಳ ವೀಕ್ಷಕರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1968ರಲ್ಲಿ ಜಾನ್ ಡಾಬ್ಸನ್ ಮತ್ತು ಜೊತೆಯವರು ದೂರದರ್ಶಕಗಳನ್ನು ಫುಟ್‌ಪಾತಿಗೆ ತಂದು ದಾರಿಹೋಕರಿಗೆ ಆಕಾಶ ತೋರಿಸಲು ಒಂದು ಗುಂಪು ಕಟ್ಟಿದರು. ಹಾಗೆ ತೋರಿಸುವವರು ಈಗ ಅನೇಕ ಊರುಗಳಲ್ಲಿದ್ದಾರೆ. ಹುಣ್ಣಿಮೆಗೆ ಹೋಗಬೇಡಿ, ಅರ್ಧಚಂದ್ರನ ಆಸುಪಾಸಿನಲ್ಲಿ ಹೋಗಿ. ಬೆಳಕು ಕತ್ತಲೆ ಸೇರುವ ಗೆರೆಯಲ್ಲಿ ಚಂದ್ರನ ಕುಳಿಗಳ ನೆರಳು ಉದ್ದವಾಗಿ ಬಿದ್ದು ಆಳ ಕಾಣುತ್ತದೆ. ಹುಣ್ಣಿಮೆಯಂದು ಎಲ್ಲ ಚಪ್ಪಟೆ. ನಾನು ಮೊದಲ ಸಲ ಶನಿಯ ಉಂಗುರ ನೋಡಿದ್ದು ಬಸ್ಸುಗಳ ಸದ್ದಿನ ನಡುವೆ. ತೋರಿಸಿದವರು ಏನನ್ನೂ ಕೇಳಲಿಲ್ಲ, "ಉಂಗುರ ಕಾಣ್ತಾ?" ಎಂದಷ್ಟೇ ಎರಡು ಸಲ ಕೇಳಿದರು.

ಇವೆಲ್ಲ ಬೇರೆಯವರು ತೋರಿಸಿದ್ದು. ನಾನೇ ಹುಡುಕಿಕೊಂಡದ್ದು ಒಂದಿದೆ, ಅದರ ಬಗ್ಗೆ ಹೇಳದಿದ್ದರೆ ಮನಸ್ಸು ಒಪ್ಪುವುದಿಲ್ಲ.

ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್‌ನಲ್ಲಿ ಮೇ ಕೊನೆಯಲ್ಲೊಮ್ಮೆ, ಜುಲೈ ನಡುವೆ ಇನ್ನೊಮ್ಮೆ ಸೂರ್ಯ ಅಡ್ಡಬೀದಿಗಳ ನೇರಕ್ಕೇ ಮುಳುಗುತ್ತಾನೆ. ಖಗೋಳ ವಿಜ್ಞಾನಿ ನೀಲ್ ಡಿಗ್ರಾಸ್ ಟೈಸನ್ ಅದಕ್ಕೆ 'ಮ್ಯಾನ್‌ಹ್ಯಾಟನ್‌ಹೆಂಜ್' ಎಂದು ಹೆಸರಿಟ್ಟರು. ಜನ ನಡುರಸ್ತೆಯಲ್ಲಿ ನಿಂತು ನೋಡುತ್ತಾರೆ. ಹಾಗಾದರೆ ನನ್ನ ಬೀದಿಯ ದಿನ ಯಾವುದು?

ಲೆಕ್ಕ ಕಷ್ಟದ್ದೇನಲ್ಲ. ಮಾರ್ಚ್ 20 ಮತ್ತು ಸೆಪ್ಟೆಂಬರ್ 22ರ ಹೊತ್ತಿಗೆ ಸೂರ್ಯ ಹೆಚ್ಚುಕಡಿಮೆ ನೇರ ಪಡುವಣಕ್ಕೆ ಮುಳುಗುತ್ತಾನೆ. ಮಾರ್ಚ್ ನಂತರ ಜೂನ್ ತನಕ ಉತ್ತರಕ್ಕೆ, ಮತ್ತೆ ಹಿಂದಕ್ಕೆ, ಸೆಪ್ಟೆಂಬರ್ ದಾಟಿ ದಕ್ಷಿಣಕ್ಕೆ ಸರಿಯುತ್ತಾನೆ. ಮಾರ್ಚ್-ಸೆಪ್ಟೆಂಬರ್ ಹೊತ್ತಿನಲ್ಲಿ ಹೀಗೆ ಸರಿಯುವುದು ದಿನಕ್ಕೆ ಸುಮಾರು ಅರ್ಧ ಡಿಗ್ರಿ. ನಮ್ಮ ಕಣ್ಣಿಗೆ ಸೂರ್ಯನ ಬಿಂಬದ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಸರಿಯಾದ ಸಂಜೆಗಳು ಒಂದೋ ಎರಡೋ. ಬೀದಿ ತೀರಾ ಉತ್ತರ-ದಕ್ಷಿಣವಾಗಿದ್ದರೆ ಆ ದಿನ ಬರುವುದೇ ಇಲ್ಲ.

ಮೊದಲ ಸಲ ನಾನು ಫೋನಿನ ದಿಕ್ಸೂಚಿಯನ್ನು ಕಬ್ಬಿಣದ ಕಂಬಿಯ ಮೇಲಿಟ್ಟು ಬೀದಿಯ ದಿಕ್ಕು ಅಳೆದೆ. ಕಬ್ಬಿಣ ಅದನ್ನು ದಾರಿ ತಪ್ಪಿಸಿತು. ಆ ಅಳತೆ ಹೇಳಿದ ಸಂಜೆಗೆ ಹೋಗಿ ನಿಂತರೆ ಸೂರ್ಯ ಎಡಗಡೆಯ ಕಟ್ಟಡದ ಹಿಂದೆ ಹೋದ. ಎರಡನೆಯ ಸಲ ಉಪಗ್ರಹ ನಕ್ಷೆಯಲ್ಲಿ ಬೀದಿಯ ಚಿತ್ರ ತೆಗೆದು, ಉತ್ತರ ಮೇಲಿರುವುದನ್ನು ನೋಡಿಕೊಂಡು, ಶಾಲೆಯ ಕೋನಮಾಪಕ ಇಟ್ಟೆ. ಪಡುವಣದಿಂದ ಉತ್ತರಕ್ಕೆ ಎಂಟು ಡಿಗ್ರಿ. ಸೂರ್ಯಾಸ್ತದ ದಿಕ್ಕು ತೋರಿಸುವ ಆ್ಯಪ್‌ನಲ್ಲಿ ಅದೇ ಅಂಕಿ ಹುಡುಕಿದೆ: ಏಪ್ರಿಲ್‌ನಲ್ಲಿ ಒಂದು ಸಂಜೆ, ಸೆಪ್ಟೆಂಬರಿನಲ್ಲಿ ಒಂದು. ಪಡುವಣ ತುದಿಯಲ್ಲಿ ಎತ್ತರದ ಕಟ್ಟಡ ಅಡ್ಡ ಇಲ್ಲ ಎಂಬುದನ್ನೂ ಮೊದಲೇ ನಡೆದು ಹೋಗಿ ನೋಡಿಕೊಂಡು ಬಂದೆ. ಈ ಕೊನೆಯ ಕೆಲಸ ಬಿಡಬೇಡಿ.

ಏಪ್ರಿಲ್‌ನ ಆ ಸಂಜೆ ಮೋಡ ಇರಲಿಲ್ಲ. ಸೂರ್ಯ ಇಳಿಯುತ್ತಾ ಬಂದು ಎರಡು ಸಾಲು ಕಟ್ಟಡಗಳ ನಡುವೆ ನಿಂತ. ಒಂದೇ ಗಳಿಗೆಯಲ್ಲಿ ಇಡೀ ಬೀದಿಯ ಎರಡೂ ಬದಿಯ ಕಿಟಕಿಗಳು ಕೆಂಪಾದವು, ವಿದ್ಯುತ್ ತಂತಿಗಳೂ ಹೊಳೆದವು. ಸ್ಕೂಟರಿನಲ್ಲಿ ಎದುರಿಗೆ ಬರುತ್ತಿದ್ದ ಹುಡುಗಿ ನನ್ನ ಮುಖ ಕಂಡು ಬ್ರೇಕ್ ಹಾಕಿ ಹಿಂತಿರುಗಿ ನೋಡಿದಳು, ಗಾಡಿಯನ್ನು ಬದಿಗೆ ನಿಲ್ಲಿಸಿದಳು. ಮೂರ್ನಾಲ್ಕು ನಿಮಿಷ ಇಬ್ಬರೂ ಮಾತಾಡಲಿಲ್ಲ.

ಮರುದಿನವೂ ಅದೇ ಹೊತ್ತಿಗೆ ಹೋಗಿ ನಿಂತೆ. ಸೂರ್ಯ ತನ್ನ ಒಂದು ಬಿಂಬದಷ್ಟು ಬಲಕ್ಕೆ ಸರಿದಿದ್ದ.