ಆರ್‌ವಿಯಲ್ಲೇ ಸಂಸಾರ ಹೂಡುವ ಮುನ್ನ: ಅಮೆರಿಕದ ಲೆಕ್ಕಾಚಾರ

ಮನೆ ಬಾಡಿಗೆ ಉಳಿಯುತ್ತದೆ ಎಂಬ ಒಂದೇ ಲೆಕ್ಕ ನೆಚ್ಚಿಕೊಂಡು ಆರ್‌ವಿ (ಒಳಗೇ ಅಡುಗೆ, ಮಲಗುವ ವ್ಯವಸ್ಥೆ ಇರುವ ಮನೆ-ಗಾಡಿ) ಹತ್ತಿದವರು ಮೊದಲ ವರ್ಷವೇ ಕಂಗಾಲಾಗುವುದುಂಟು. ಗಾಡಿಯ ಬೆಲೆ ಒಂದು ಸಲದ ಹೊಡೆತ. ತಿಂಗಳ ಖರ್ಚು ಏರುವುದು ಇಳಿಯುವುದು ನೀವು ಎಷ್ಟು ಬೇಗ ಬೇಗ ಜಾಗ ಬದಲಿಸುತ್ತೀರಿ ಎಂಬುದರ ಮೇಲೆ.

ನೀರು, ಕರೆಂಟು, ಒಳಚರಂಡಿ ಮೂರೂ ಇರುವ ಖಾಸಗಿ ಆರ್‌ವಿ ಪಾರ್ಕಿನಲ್ಲಿ (ಗಾಡಿ ನಿಲ್ಲಿಸಿ ತಂಗುವ ಜಾಗ) ರಾತ್ರಿಗೆ 50ರಿಂದ 80 ಡಾಲರ್ ಮಾಮೂಲು. 60ರಂತೆ ಹಿಡಿದರೂ ತಿಂಗಳಿಗೆ 1,800 ಆಯಿತು. ಅಂಥದೇ ಜಾಗವನ್ನು ತಿಂಗಳ ಲೆಕ್ಕದಲ್ಲಿ ಮಾತಾಡಿದರೆ ಎಷ್ಟೋ ಊರುಗಳಲ್ಲಿ 600–1,000ಕ್ಕೆ ಸಿಗುತ್ತದೆ, ಕರೆಂಟಿಗೆ ಬೇರೆ ಮೀಟರ್. ಇಂಧನದ್ದೂ ಇದೇ ಕತೆ. ದೊಡ್ಡ ಪೆಟ್ರೋಲ್ ಮೋಟರ್‌ಹೋಮ್ ಗ್ಯಾಲನ್ನಿಗೆ 7–8 ಮೈಲಿ ಕೊಟ್ಟರೆ ಹೆಚ್ಚು; ತಿಂಗಳಿಗೆ 1,500 ಮೈಲಿ ಓಡಿಸಿದರೆ ಸುಮಾರು 200 ಗ್ಯಾಲನ್. ಗ್ಯಾಲನ್ನಿಗೆ ಮೂರೂವರೆ ಡಾಲರಿನಂತೆ 700. ಊರೂರು ಸುತ್ತುವವರಿಗೆ ಅಪಾರ್ಟ್‌ಮೆಂಟೇ ಅಗ್ಗವಾಗಬಹುದು.

ಅಗ್ಗದ ದಾರಿ ಸರ್ಕಾರಿ ಭೂಮಿ. ಪಶ್ಚಿಮದ ರಾಜ್ಯಗಳಲ್ಲಿ ಕೇಂದ್ರ ಸರ್ಕಾರದ ಭೂ ನಿರ್ವಹಣಾ ಇಲಾಖೆಯಾದ ಬಿಎಲ್‌ಎಂನ ಬಯಲಿನಲ್ಲಿ ಸಾಮಾನ್ಯವಾಗಿ 28 ದಿನಗಳಲ್ಲಿ 14 ದಿನ ಬಿಟ್ಟಿಯಾಗಿ ನಿಲ್ಲಬಹುದು. ಅರಿಜೋನಾದ ಕ್ವಾರ್ಟ್‌ಸೈಟ್ ಬಳಿಯ ದೀರ್ಘಾವಧಿ ಜಾಗಗಳಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗಿನ ಇಡೀ ಸೀಸನ್ನಿಗೆ ಬಹುಕಾಲ 180 ಡಾಲರ್ ಇತ್ತು; ಹೊರಡುವ ಮುನ್ನ ಈ ವರ್ಷದ ದರ ನೋಡಿಕೊಳ್ಳಿ. ಅಲ್ಲಿ ಕರೆಂಟ್ ಕಂಬ ಇಲ್ಲ. ಸೋಲಾರ್ ಮತ್ತು ಬ್ಯಾಟರಿಗೆ ಮೊದಲೇ ದುಡ್ಡು ಹಾಕಿದವರಿಗೆ ಮಾತ್ರ ಇದು ಅಗ್ಗ.

ಕೊಳ್ಳುವಾಗ ಮೂರರಿಂದ ಐದು ವರ್ಷ ಹಳೆಯದನ್ನು ನೋಡಿ. ಹೊಸ ಗಾಡಿ ಷೋರೂಮ್ ದಾಟಿದ ಕೂಡಲೇ ಬೆಲೆ ಕಳೆದುಕೊಳ್ಳುತ್ತದೆ. 15–20 ವರ್ಷದ ಸಾಲ ಮಾಡಿದರೆ ಗಾಡಿಯ ಬೆಲೆಗಿಂತ ಸಾಲದ ಬಾಕಿಯೇ ಹೆಚ್ಚಿರುವ ವರ್ಷಗಳು ಬರುತ್ತವೆ. ತೀರಾ ಹಳೆಯದೂ ಬೇಡ. ಹತ್ತು ವರ್ಷ ದಾಟಿದ ಗಾಡಿಯನ್ನು ಒಳಗೇ ಬಿಡದ ಪಾರ್ಕುಗಳಿವೆ. ವಾರಂಟಿಯ ಸಣ್ಣಕ್ಷರಗಳನ್ನು ಓದಿ: ಪೂರ್ಣಾವಧಿ ವಾಸ ಮಾಡಿದರೆ ವಾರಂಟಿ ಇಲ್ಲ ಎಂದು ಹಲವು ತಯಾರಕರು ಬರೆದಿರುತ್ತಾರೆ. ಸಾಧಾರಣ ಆರ್‌ವಿ ವಿಮೆಯೂ ರಜೆಯ ಪ್ರವಾಸಕ್ಕಷ್ಟೇ. ‘ಫುಲ್‌ಟೈಮರ್’ ಪಾಲಿಸಿಯನ್ನೇ ಕೇಳಿ ಪಡೆಯಬೇಕು. ಗಾಡಿ ಗ್ಯಾರೇಜಿಗೆ ಹೋದರೆ ಮನೆಯೇ ಗ್ಯಾರೇಜಿಗೆ ಹೋದಂತೆ. ಹಾಗಾಗಿ ರಿಪೇರಿಗೆ ಎತ್ತಿಟ್ಟ ಹಣದಲ್ಲಿ ಎರಡು ವಾರದ ಹೋಟೆಲ್ ಬಾಡಿಗೆಯೂ ಸೇರಿರಲಿ.

ವಿಳಾಸದ ವಿಷಯದಲ್ಲಿ ಉದಾಸೀನ ಸಲ್ಲದು. ರಾಜ್ಯದ ಆದಾಯ ತೆರಿಗೆ ಇಲ್ಲ ಎಂಬ ಕಾರಣಕ್ಕೆ ಹೆಚ್ಚಿನವರು ದಕ್ಷಿಣ ಡಕೋಟಾ, ಟೆಕ್ಸಾಸ್, ಫ್ಲೋರಿಡಾಗಳಲ್ಲಿ ಒಂದನ್ನು ಆರಿಸಿ, ಅಂಚೆ ರವಾನೆ ಸೇವೆಯೊಂದರ ವಿಳಾಸ ಇಟ್ಟುಕೊಳ್ಳುತ್ತಾರೆ. ಆದರೆ ಬೇರೆ ರಾಜ್ಯದಲ್ಲಿ ನಿಂತು ದುಡಿದರೆ ಆ ರಾಜ್ಯ ತೆರಿಗೆ ಕೇಳಬಹುದು. ಆರೋಗ್ಯ ವಿಮೆ ವಿಳಾಸದ ಜಿಪ್ ಕೋಡ್ ಹಿಡಿದೇ ಸಿಗುವುದು. ನಿಗದಿತ ವೈದ್ಯರು-ಆಸ್ಪತ್ರೆಗಳ ಜಾಲಕ್ಕೆ ಸೀಮಿತವಾದ ಎಚ್‌ಎಂಒ ಪ್ಲಾನ್ ಇದ್ದರೆ ರಾಜ್ಯದ ಹೊರಗೆ ತುರ್ತು ಚಿಕಿತ್ಸೆ ಬಿಟ್ಟು ಉಳಿದದ್ದಕ್ಕೆ ಕೈಯಿಂದಲೇ ಕೊಡಬೇಕಾದೀತು.

ಎಚ್‌-1ಬಿ ವೀಸಾದಲ್ಲಿರುವ ನಮ್ಮವರು ಇನ್ನೂ ಎಚ್ಚರವಾಗಿರಬೇಕು. ವಾಸದ ವಿಳಾಸ ಬದಲಾದ 10 ದಿನದೊಳಗೆ ವಲಸೆ ಇಲಾಖೆಗೆ ಎಆರ್-11 ಎಂಬ ನಮೂನೆಯ ಮೂಲಕ ತಿಳಿಸಬೇಕು. ಅದರಲ್ಲಿ ವಾಸದ ಜಾಗ ಬೇರೆ, ಅಂಚೆ ವಿಳಾಸ ಬೇರೆ. ಕೆಲಸ ಮಾಡುವ ಜಾಗ ಕಂಪನಿಯ ವೀಸಾ ಅರ್ಜಿಯಲ್ಲಿ ಬರೆದ ಮಹಾನಗರ ಪ್ರದೇಶದ ಆಚೆಗೆ ಹೋದರೆ, ಕೆಲವು ಅಲ್ಪಾವಧಿ ವಿನಾಯಿತಿ ಬಿಟ್ಟರೆ, ಕಂಪನಿ ತಿದ್ದುಪಡಿ ಅರ್ಜಿ ಹಾಕಬೇಕಾಗುತ್ತದೆ. ಲ್ಯಾಪ್‌ಟಾಪ್ ಹಿಡಿದು ರಾಜ್ಯ ರಾಜ್ಯ ಅಲೆಯುವ ಯೋಚನೆಯಿದ್ದರೆ ಗಾಡಿಗೆ ಮುಂಗಡ ಕೊಡುವ ಮೊದಲೇ ವಲಸೆ ವಕೀಲರನ್ನು ಕೇಳಿ.

ಇನ್ನು ಕರೆಂಟು. 30 ಆಂಪ್ ಪ್ಲಗ್ಗಿನಲ್ಲಿ 120 ವೋಲ್ಟ್, ಅಂದರೆ ಒಟ್ಟು 3,600 ವಾಟ್. ಎಸಿ ಸುಮಾರು 13 ಆಂಪ್ ಎಳೆಯುತ್ತದೆ, ನೀರು ಕಾಯಿಸುವ ಹೀಟರ್ 12. ಇವೆರಡೂ ಓಡುತ್ತಿರುವಾಗ 1,800 ವಾಟಿನ ಇಂಡಕ್ಷನ್ ಮೇಲೆ ಕುಕ್ಕರ್ ಇಟ್ಟರೆ 15 ಆಂಪ್ ಸೇರಿ 40, ಬ್ರೇಕರ್ ಬಿತ್ತು. ಹೀಟರನ್ನು ಗ್ಯಾಸಿಗೆ ತಿರುಗಿಸಿ, ಅಡುಗೆ ಮುಗಿಯುವವರೆಗೆ ಎಸಿ ನಿಲ್ಲಿಸಿ. 50 ಆಂಪ್ ಪ್ಲಗ್ಗಿನಲ್ಲಿ 120 ವೋಲ್ಟಿನ ಎರಡು ಲೈನ್ ಬರುವುದರಿಂದ 12,000 ವಾಟ್ ಸಿಗುತ್ತದೆ, ಈ ಪೇಚಾಟ ಇರುವುದಿಲ್ಲ. ಪಾರ್ಕಿನ ಯಾವುದೇ ಕರೆಂಟ್ ಕಂಬವಾದರೂ ವೋಲ್ಟೇಜ್ ಕುಸಿದಾಗ ತಾನೇ ಕಡಿದುಹಾಕುವ ರಕ್ಷಕ ಸಾಧನವಿಲ್ಲದೆ ಪ್ಲಗ್ ಚುಚ್ಚಬೇಡಿ. ಬೇಸಿಗೆಯ ಮಧ್ಯಾಹ್ನ ಎಲ್ಲರ ಎಸಿ ಓಡುವಾಗ ವೋಲ್ಟೇಜ್ ಇಳಿದು ಕಂಪ್ರೆಸರ್ ಸುಡುತ್ತದೆ.

ಹೊಸಬರು ಹೆಚ್ಚು ಹಣ ಕಳೆದುಕೊಳ್ಳದಿದ್ದರೂ ಹೆಚ್ಚು ನೆಮ್ಮದಿ ಕಳೆದುಕೊಳ್ಳುವುದು ಟ್ಯಾಂಕುಗಳಲ್ಲಿ. ಸ್ನಾನ, ಪಾತ್ರೆ ತೊಳೆದ ನೀರು ಹೋಗುವುದು ಗ್ರೇ ಟ್ಯಾಂಕಿಗೆ. ಶೌಚದ್ದು ಬ್ಲ್ಯಾಕ್ ಟ್ಯಾಂಕಿಗೆ. ಪಾರ್ಕಿನ ಒಳಚರಂಡಿಗೆ ಪೈಪ್ ಸಿಕ್ಕಿಸಿದ್ದೇವಲ್ಲ ಎಂದು ಬ್ಲ್ಯಾಕ್ ಟ್ಯಾಂಕಿನ ವಾಲ್ವ್ ತೆರೆದೇ ಬಿಡುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ನೀರೆಲ್ಲ ಹರಿದುಹೋಗಿ ಗಟ್ಟಿ ಪದಾರ್ಥ ಶೌಚದ ಕೊಳವೆಯ ಕೆಳಗೆ ಗೋಪುರವಾಗಿ ನಿಂತು ಒಣಗುತ್ತದೆ. ಅದನ್ನು ಒಡೆಯಲು ಬರುವ ಪ್ಲಂಬರ್ ಸುಮ್ಮನೆ ಬರುವುದಿಲ್ಲ.

ಸರಿಯಾದ ಕ್ರಮ ಹೀಗೆ. ವಾಲ್ವ್ ಮುಚ್ಚಿಯೇ ಇರಲಿ. ಮೂರನೇ ಎರಡು ಭಾಗ ತುಂಬಿದಾಗ ಖಾಲಿ ಮಾಡಿ. ಕಡಿಮೆ ತುಂಬಿದ್ದರೆ ಹರಿವಿಗೆ ರಭಸ ಇರುವುದಿಲ್ಲ. ಕೈಗವಸು ಹಾಕಿ, ಪೈಪನ್ನು ಮೊದಲು ಚರಂಡಿ ಬಾಯಿಗೆ ಕೂರಿಸಿ, ಆಮೇಲೆ ಗಾಡಿಗೆ ತಿರುಗಿಸಿ ಬಿಗಿ ಮಾಡಿ. ಬ್ಲ್ಯಾಕ್ ವಾಲ್ವ್ ತೆರೆದು ಪೂರ್ತಿ ಹರಿಯಲು ಬಿಟ್ಟು ಮುಚ್ಚಿ. ಆಮೇಲಷ್ಟೇ ಗ್ರೇ ತೆರೆಯಿರಿ. ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಮುಗಿದ ಮೇಲೆ ಬ್ಲ್ಯಾಕ್ ಟ್ಯಾಂಕಿಗೆ ಮೂರು-ನಾಲ್ಕು ಗ್ಯಾಲನ್ ನೀರು, ಟ್ಯಾಂಕಿಗೆ ಹಾಕುವ ಔಷಧಿ ಬಿಡಿ. ತೊಳೆಯುವ ಮೆದುಗೊಳವೆಯೂ ಕುಡಿಯುವ ನೀರಿನದೂ ಬೇರೆ ಬೇರೆ ಬಣ್ಣದ್ದಿರಲಿ, ಒಂದೇ ಡಬ್ಬದಲ್ಲಿ ಇಡಬೇಡಿ. ಸೆನ್ಸರ್ ದೀಪವನ್ನು ನಂಬಬೇಡಿ. ಟಾಯ್ಲೆಟ್ ಪೇಪರ್ ಅಂಟಿಕೊಂಡು ಸದಾ ‘ತುಂಬಿದೆ’ ಎಂದೇ ತೋರಿಸುತ್ತದೆ.

ನಮ್ಮ ಅಡುಗೆಗೆ ಗ್ರೇ ಟ್ಯಾಂಕ್ ಬಲುಬೇಗ ಸೋಲುತ್ತದೆ. ಬಾಣಲೆಯ ಎಣ್ಣೆ, ಸಾರಿನ ಗಸಿ, ಅಕ್ಕಿ ತೊಳೆದ ಗಂಜಿಯಂಥ ನೀರು ಸಿಂಕಿಗೆ ಹೋದರೆ ನಾಲ್ಕೇ ದಿನಕ್ಕೆ ಬ್ಲ್ಯಾಕ್ ಟ್ಯಾಂಕನ್ನೂ ಮೀರಿಸುವ ವಾಸನೆ. ಪಾತ್ರೆಯನ್ನು ಪೇಪರ್ ಟವೆಲ್ಲಿನಿಂದ ಒರೆಸಿಯೇ ತೊಳೆಯಿರಿ. ಒಗ್ಗರಣೆಗೆ ಮೊದಲು ಚಾವಣಿಯಲ್ಲಿನ, ಗಾಳಿ ಹೊರದೂಡುವ ಫ್ಯಾನ್ ಹಾಕಿ, ಎದುರು ಕಿಟಕಿ ಸ್ವಲ್ಪ ತೆರೆಯಿರಿ. ಹೊಗೆ ಅಲಾರಂ ಕಿರುಚುತ್ತದೆಂದು ಬ್ಯಾಟರಿ ಕಿತ್ತಿಡುವವರಿದ್ದಾರೆ. ಪ್ರೊಪೇನ್ ಸಿಲಿಂಡರ್ ಜತೆ ಮಲಗುವ ಮನೆಯಲ್ಲಿ ಅದು ಹುಚ್ಚುತನ.

ಸಾಮಾನು ತುಂಬುವ ಮುನ್ನ ಬಾಗಿಲ ಬಳಿ ಅಂಟಿಸಿರುವ ಚೀಟಿಯಲ್ಲಿ ಎಷ್ಟು ಪೌಂಡ್ ಹೇರಬಹುದು ಎಂದು ನೋಡಿ. 40 ಗ್ಯಾಲನ್ ನೀರೇ ಸುಮಾರು 334 ಪೌಂಡ್. ಎಲ್ಲ ತುಂಬಿಕೊಂಡು ಟ್ರಕ್ ನಿಲ್ದಾಣದ ವೇಬ್ರಿಡ್ಜ್‌ಗೆ ಒಯ್ದು ಪ್ರತಿ ಆಕ್ಸಲಿನ ಭಾರ ತೂಗಿಸಿ. ಟೈರ್ ಸ್ಫೋಟಕ್ಕೆ ಹೆಚ್ಚಿನ ಸಲ ಕಾರಣ ಅತಿಭಾರ, ಕಡಿಮೆ ಗಾಳಿ ಮತ್ತು ವಯಸ್ಸು. ಟೈರಿನ ಪಕ್ಕದಲ್ಲಿ ಅಚ್ಚಾದ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ: 2319 ಎಂದರೆ 2019ರ 23ನೇ ವಾರದ್ದು. ಟೈರಿನ ಹೊರಮೈ ಗೀರುಗಳು ಸವೆಯದಿದ್ದರೂ ಆರೇಳು ವರ್ಷಕ್ಕೆ ಬದಲಿಸಿ.

ಆರು ತಿಂಗಳಿಗೊಮ್ಮೆ ಚಾವಣಿ ಹತ್ತಿ ಫ್ಯಾನ್, ಕೊಳವೆ, ಅಂಚುಪಟ್ಟಿಗಳ ಸುತ್ತಲಿನ ಸೀಲಂಟ್ ಬಿರುಕು ಬಿಟ್ಟಿದೆಯೇ ನೋಡಿ. ಒಂದು ಟ್ಯೂಬ್ ಸೀಲಂಟಿನಲ್ಲಿ ಮುಗಿಯುವ ಬಿರುಕನ್ನು ಬಿಟ್ಟರೆ ನೀರು ಗೋಡೆಯೊಳಗಿನ ಮರಕ್ಕೆ ಇಳಿಯುತ್ತದೆ. ಕಣ್ಣಿಗೆ ಬೀಳುವಷ್ಟರಲ್ಲಿ ಸಾವಿರಾರು ಡಾಲರಿನ ಕೊಳೆತ ಕಾದಿರುತ್ತದೆ.

ಚಳಿಗಾಲಕ್ಕೆ ದಕ್ಷಿಣಕ್ಕೆ ಇಳಿಯುವುದೇ ಒಳ್ಳೆಯದು. ಆಗದಿದ್ದರೆ ಸಂಜೆಯೇ ಗಾಡಿಯ ಶುದ್ಧ ನೀರಿನ ಟ್ಯಾಂಕಿಗೆ ನೀರು ತುಂಬಿ, ಹೊರಗಿನ ನೀರಿನ ಪೈಪ್ ಬಿಚ್ಚಿ ಬರಿದು ಮಾಡಿ, ರಾತ್ರಿ ಗಾಡಿಯ ಪಂಪಿನಿಂದ ಆ ನೀರನ್ನೇ ಬಳಸಿ. ಗ್ರೇ ವಾಲ್ವನ್ನೂ ಮುಚ್ಚಿ. ತೆರೆದಿದ್ದರೆ ತೊಟ್ಟಿಕ್ಕುವ ನೀರು ಪೈಪಿನಲ್ಲೇ ಹೆಪ್ಪುಗಟ್ಟಿ ಬೆಳಿಗ್ಗೆ ದಾರಿ ಕಟ್ಟಿರುತ್ತದೆ. ಲಿಥಿಯಂ ಬ್ಯಾಟರಿ 0 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದಾಗ ಚಾರ್ಜ್ ಮಾಡಬಾರದು. ಒಳಗೇ ಹೀಟರ್ ಇರುವ ಮಾದರಿ ಕೊಳ್ಳಿ, ಇಲ್ಲವೇ ಬ್ಯಾಟರಿಯನ್ನು ಬೆಚ್ಚಗಿನ ಒಳಭಾಗದಲ್ಲಿ ಕೂರಿಸಿ.